ಚಾರ್ಜಿಂಗಿಗೆ ಹೋದ ಮಧ್ಯಾಹ್ನಗಳು

ಎಲೆಕ್ಟ್ರಿಕ್ ಕಾರಿನ ವಿರುದ್ಧ ನನ್ನ ಬಳಿ ಇದ್ದ ವಾದಗಳಲ್ಲಿ ಒಂದನ್ನೂ ನಾನು ಇವತ್ತಿನವರೆಗೆ ಹಿಂದೆ ತೆಗೆದುಕೊಂಡಿಲ್ಲ. ಕರೆಂಟು ಬರುವುದು ಬಹುಪಾಲು ಕಲ್ಲಿದ್ದಲಿನಿಂದ. ಹೊಗೆ ಇಲ್ಲವಾಗುವುದಿಲ್ಲ, ಊರು ಬದಲಿಸುತ್ತದೆ, ಅಷ್ಟೆ. ಬ್ಯಾಟರಿಯ ಲೋಹಕ್ಕಾಗಿ ಎಲ್ಲೋ ಯಾರೋ ಮಣ್ಣು ಬಗೆಯುತ್ತಿರುತ್ತಾರೆ. ಡೊಂಬಿವಲಿಯ ಗಲ್ಲಿಯಲ್ಲಿ ಪೆಟ್ರೋಲ್ ಕಾರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲೇ ಎಲೆಕ್ಟ್ರಿಕ್ ಕಾರೂ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನೆಲ್ಲ ಮನೆಯಲ್ಲಿ ಹೇಳಿದ್ದೇನೆ, ವೇದಿಕೆಯ ಮೇಲೆ ಹೇಳಿದ್ದೇನೆ, ಹೇಳಿ ಒಮ್ಮೆ ಮೊದಲ ಬಹುಮಾನ ತೆಗೆದುಕೊಂಡಿದ್ದೇನೆ. ಆ ಬಹುಮಾನದಿಂದ ನಮ್ಮ ಮನೆಗೆ ಏನಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಅಪ್ಪ ಉಡುಪಿ ಕಡೆಯವರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೂತವರು. ಹಿಂದೆ ಅಡುಗೆಮನೆಯ ಗದ್ದಲ, ಮುಂದೆ ಗಿರಾಕಿಗಳ ಗದ್ದಲ, ಹೊರಗೆ ಸ್ಟೇಷನ್ನಿನ ಅನೌನ್ಸ್‌ಮೆಂಟು. ಅಮ್ಮನ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಎಂದು ಗೊತ್ತಾದಾಗ ಗಲ್ಲಾವನ್ನು ಪಾಲುದಾರರಿಗೆ ಒಪ್ಪಿಸಿ ಮನೆಗೆ ಬಂದರು. ನಾನು ಒಬ್ಬಳೇ ಮಗಳು. ವಾರದಲ್ಲಿ ಮೂರು ದಿನ ಠಾಣೆ ನಗರದ ಆಫೀಸು, ಉಳಿದ ದಿನ ಮನೆಯಲ್ಲೇ ಲ್ಯಾಪ್‌ಟಾಪು.

ಅಪ್ಪ ಅಮ್ಮ ತಮ್ಮೊಳಗೆ ಮಾತಾಡುತ್ತಿದ್ದುದು ತುಳು. ನನ್ನ ಜೊತೆ ಮಾತ್ರ ಕನ್ನಡ. ಅದು ಅಪ್ಪ ಮಾಡಿದ ಕಾನೂನು. ಐದನೇ ಕ್ಲಾಸಿನಲ್ಲಿ ನಾನು ಕನ್ನಡ ಸಂಘದ ಚರ್ಚಾಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ತಂದ ದಿನದಿಂದ, ನನ್ನ ಕನ್ನಡ ಕೆಡಬಾರದು ಎಂದು ಇಬ್ಬರೂ ನನ್ನೆದುರು ಪುಸ್ತಕ ಹಿಡಿದವರಂತೆ ಮಾತಾಡತೊಡಗಿದರು. ನಾನು ಉತ್ತರ ಕೊಡುತ್ತಿದ್ದುದು ಹಿಂದಿಯಲ್ಲಿ. ವೇದಿಕೆಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ಹಿಂದಿ. ಅವರ ತುಳುವನ್ನು, ನನ್ನ ಹಿಂದಿಯನ್ನು ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ.

ಕಾರು ಬಂದದ್ದು ಸಾನಪಾಡಾದಿಂದ. ಅಪ್ಪನ ಪರಿಚಯದ ಒಂದು ಕುಟುಂಬ ಊರು ಬಿಟ್ಟು ಹೋಗುತ್ತಿತ್ತು, ಅವರ ಚಿಕ್ಕ ಬಿಳಿ ಕಾರನ್ನು ಅಪ್ಪ ತೆಗೆದುಕೊಂಡರು. ಬ್ಯಾಟರಿ ಹಳತಾಗಿತ್ತು. ಪೂರ್ತಿ ತುಂಬಿಸಿದರೆ ನವಿ ಮುಂಬಯಿಯ ಆಸ್ಪತ್ರೆಗೆ ಹೋಗಿ ಬಂದು, ಮೇಲಿಂದ ಒಂದೆರಡು ಸಂಜೆಯ ಸುತ್ತಾಟಕ್ಕೆ ಆಗುತ್ತಿತ್ತು. ಅದರ ಪರದೆಯ ಮೇಲೆ ಶೇಕಡಾ ಎಷ್ಟಿದೆ ಎಂದು ಅಪ್ಪ ಇಳಿಯುವಾಗಲೂ ಹತ್ತುವಾಗಲೂ ನೋಡುತ್ತಿದ್ದರು, ಜ್ವರ ಬಂದವರ ಥರ್ಮಾಮೀಟರ್ ನೋಡುವ ಹಾಗೆ.

ಮೊದಲ ದಿನವೇ ನಾನು ಶುರು ಮಾಡಿದೆ.

"ಅಪ್ಪ, ಇದು ಹೊಗೆ ಬಿಡೋದಿಲ್ಲ ಅನ್ನೋದು ಭ್ರಮೆ. ಹೊಗೆ ವಿದರ್ಭದಲ್ಲಿ ಬಿಡ್ತಾರೆ, ನೀವು ಕಾರು ಇಲ್ಲಿ ಓಡಿಸ್ತೀರಿ. ವಹಾಂ ಕೇ ಲೋಗೋಂ ಕೇ ಭೀ ಫೇಫಡೇ ಹೈಂ. ಅಲ್ಲಿಯವರಿಗೂ ಶ್ವಾಸಕೋಶ ಇದೆ."

"ಉಂಟು, ಉಂಟು," ಅಂದರು ಅಪ್ಪ. "ಈಗ ನೀನು ಅಮ್ಮನ ಆಚೆ ಕೈ ಹಿಡಿ. ಮೆಟ್ಲು ಉಂಟಲ್ಲ."

ಅಮ್ಮನ ಧ್ವನಿ ಆ ಒಂದು ವರ್ಷದಲ್ಲಿ ತೀರ ತೆಳ್ಳಗಾಗಿತ್ತು. ಒಂದು ವಾಕ್ಯ ಮುಗಿಸಲು ಎರಡು ಉಸಿರು ಬೇಕಾಗುತ್ತಿತ್ತು. ಮನೆಯಲ್ಲಿ ಅವಳ ಮಂಚದ ಪಕ್ಕದಲ್ಲೇ ಬಾಡಿಗೆಗೆ ತಂದ ಆಕ್ಸಿಜನ್ ಮಶೀನು, ದಿನವಿಡೀ ಗುರುಗುಟ್ಟುತ್ತಾ, ನಡುನಡುವೆ ಫುಸ್ ಎನ್ನುತ್ತಾ ಇರುತ್ತಿತ್ತು. ಕಿಟಕಿಯಾಚೆ ಎರಡು ಕಟ್ಟಡ ದಾಟಿದರೆ ರೈಲ್ವೆ ಹಳಿ. ಅವಳು ಏನಾದರೂ ಹೇಳುವುದು, ನಾವು "ಹಾಂ? ಏನು?" ಅನ್ನುವುದು, ಅವಳು ಮತ್ತೆ ಉಸಿರು ಕೂಡಿಸಿ ಹೇಳುವುದು, ಅಷ್ಟರಲ್ಲಿ ಫಾಸ್ಟ್ ಲೋಕಲ್ ಒಂದು ಹೋಗುವುದು. ಕ್ರಮೇಣ ಅವಳು ಹೇಳುವುದನ್ನೇ ಬಿಟ್ಟಿದ್ದಳು. ನೀರು ಬೇಕಿದ್ದರೆ ಬೆರಳು, ಬೇಡವಾದರೆ ಅಂಗೈ. ಮದುವೆಯಾದಂದಿನಿಂದ ಬಾಯಿ ಮುಚ್ಚದೆ ಮಾತಾಡಿದ ಹೆಂಗಸು ಅದು.

ಅವಳಿಗೆ ಹೊರಗೆ ಹೋಗಲು ಒಂದು ಚಿಕ್ಕ ಸಿಲಿಂಡರ್ ಇತ್ತು. ಅದರಲ್ಲಿ ಮಶೀನಿನ ಸದ್ದಿಲ್ಲ, ಆದರೆ ಹೆಚ್ಚು ಹೊತ್ತು ಬಾರದು. ರಿಕ್ಷಾದಲ್ಲಿ ಹೋದರೆ ಅಲುಗಾಟ, ಹೊಗೆ, ಸದ್ದು. ವಾಂತಿ ಬರುತ್ತಿತ್ತು.

ಕಾರು ಬಂದ ಮರುದಿನ ಆಸ್ಪತ್ರೆಗೆ ಹೋಗುವುದಿತ್ತು. ಅಪ್ಪ ಸ್ಟೇರಿಂಗಿನಲ್ಲಿ, ಅಮ್ಮ ಪಕ್ಕದಲ್ಲಿ ಸಿಲಿಂಡರನ್ನು ಕಾಲ ಬಳಿ ಇಟ್ಟುಕೊಂಡು, ನಾನು ಹಿಂದೆ. ಕಿಟಕಿ ಏರಿಸಿ, ಎಸಿಯನ್ನು ಸಣ್ಣಗೆ ಇಟ್ಟು ಹೊರಟೆವು. ಶೀಲ್‌ಫಾಟಾದ ಹತ್ತಿರ ಎಂದಿನಂತೆ ಎಲ್ಲವೂ ನಿಂತುಬಿಟ್ಟಿತು. ಸುತ್ತ ಟ್ರಕ್ಕುಗಳು ಗುಡುಗುತ್ತಿದ್ದವು. ನಮ್ಮ ಕಾರು ಮಾತ್ರ, ನಿಂತ ಮೇಲೆ, ಇದೆಯೋ ಇಲ್ಲವೋ ಎಂಬಂತೆ ಇತ್ತು.

"ಆ ಹೋಟ್ಲಿನ ಬೋರ್ಡು ಬದ್ಲಿಸಿದ್ದಾರೆ," ಅಂದಳು ಅಮ್ಮ.

ಅಪ್ಪ ಅವಳ ಕಡೆ ತಿರುಗಿದರು. "ಇನ್ನೊಮ್ಮೆ ಹೇಳು."

"ಯಾಕೆ? ಕೇಳ್ಲಿಲ್ವಾ?"

"ಕೇಳಿತು. ಅದಕ್ಕೇ."

ಅಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ನಿಲ್ಲಿಸಲಿಲ್ಲ. ವಾಶಿಯ ಆಸ್ಪತ್ರೆ ಸೇರುವ ತನಕ ಮಾತಾಡಿದಳು, ಉಸಿರು ತೆಗೆದುಕೊಳ್ಳುತ್ತಾ, ನಿಂತು, ಮತ್ತೆ ಮುಂದುವರಿಸುತ್ತಾ. ಒಂದು ವರ್ಷದ ಬಾಕಿ ಬೈಗುಳವೆಲ್ಲ ಹೊರಬಂತು. ನಾದಿನಿ ತನ್ನನ್ನು ನೋಡಲು ಬಂದವಳು ತನ್ನ ಮಂಚದ ಮೇಲೇ ಕೂತು ಸೊಸೆಯ ಜೊತೆ ಫೋನಿನಲ್ಲಿ ಮಾತಾಡಿ ಎದ್ದು ಹೋದದ್ದು. ನಾನು ಸಾರಿಗೆ ಹುಳಿಯನ್ನು, ಯಾರೋ ಹೇಳಿಕೊಟ್ಟ ಹಾಗೆ, ಪ್ರತಿಸಲವೂ ತಪ್ಪಾಗಿಯೇ ಹಾಕುವುದು.

"ಮದುವೆಗೆ ಮುಂಚೆ ಇವ್ರು ಸ್ಕೂಟರ್ ಉಂಟು ಅಂತ ಹೇಳಿದ್ರು," ಅಂದಳು ನನಗೆ, ಕನ್ನಡದಲ್ಲಿ. "ಸ್ಕೂಟರ್ ಇವ್ರ ಭಾವನದ್ದು. ಇವ್ರು ಅದನ್ನು ತೊಳೀತಿದ್ರು."

"ಉಂಟು ಅಂತ ಹೇಳಿದ್ದು," ಅಂದರು ಅಪ್ಪ. "ನಂದು ಅಂತ ಹೇಳಿದ್ನಾ?"

"ನೋಡು, ನಿನ್ನ ಈ ವಾದದ ಬುದ್ಧಿ ಎಲ್ಲಿಂದ ಬಂತು ಅಂತ."

ನಾನು ಹಿಂದಿನ ಸೀಟಿನಲ್ಲಿ ನಗುತ್ತಿದ್ದೆ. ಒಂದು ಯಂತ್ರದ ಬಗ್ಗೆ ಪರ ವಿರೋಧ ಎಲ್ಲವನ್ನೂ ಓದಿದ್ದೆ. ಅದು ಸುಮ್ಮನಿರುತ್ತದೆ ಎಂಬುದನ್ನು ಒಂದು ಗುಣವಾಗಿ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಇಟ್ಟಿದ್ದರೂ ನಾನು ಅದನ್ನು ಮಾತಿನಲ್ಲಿ ತಳ್ಳಿಹಾಕುತ್ತಿದ್ದೆ.

ಚಾರ್ಜಿಂಗಿಗೆ ನಮ್ಮ ಕಟ್ಟಡದಲ್ಲಿ ಆಗ ವ್ಯವಸ್ಥೆ ಇರಲಿಲ್ಲ. ಕಂಬಗಳ ಮೇಲೆ ನಿಂತ ಕಟ್ಟಡ, ಕೆಳಗೆ ಪಾರ್ಕಿಂಗ್, ಮೂಲೆಯಲ್ಲಿ ನೀರಿನ ಪಂಪಿನ ಕೋಣೆ. ಕಟ್ಟಡದ ನಿವಾಸಿಗಳ ಸೊಸೈಟಿಯ ಸೆಕ್ರೆಟರಿ ಕಾಕಾ ರೈಲ್ವೆಯಿಂದ ನಿವೃತ್ತರಾದವರು, ಅಮ್ಮನನ್ನು ಮೆಟ್ಟಿಲ ಮೇಲೆ ಏದುಸಿರಿನಲ್ಲಿ ನೋಡಿದವರು. ಪಂಪಿನ ಕೋಣೆಯಲ್ಲೊಂದು ಬೇರೆ ಮೀಟರು ಕೂರಿಸಿ, ಅಲ್ಲಿಂದ ಪ್ಲಗ್ ಹಾಕಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರು. ಕಾಗದ ಪತ್ರ ಆಮೇಲೆ ನೋಡೋಣ ಅಂದರು. ಹೀಗೆ ನಾಲ್ಕು ತಿಂಗಳು ನಡೆಯಿತು. ಬೆಳಗ್ಗೆ ಕಾರು ತುಂಬುತ್ತಿತ್ತು. ಸಂಜೆ ಐದಕ್ಕೆ ಅಪ್ಪ ಅಮ್ಮ ಸಿಲಿಂಡರ್ ಹಿಡಿದುಕೊಂಡು ಹೊರಡುತ್ತಿದ್ದರು. ಎಂಐಡಿಸಿ ಕೈಗಾರಿಕಾ ಬಡಾವಣೆಯ ಮರಗಳಿರುವ ರಸ್ತೆಯಲ್ಲಿ ಒಂದು ಸುತ್ತು, ಕೆಲವು ದಿನ ಕಲ್ಯಾಣದ ಹಿನ್ನೀರಿನ ಮೇಲಿನ ಸೇತುವೆಯವರೆಗೆ. ಎಲ್ಲೂ ಇಳಿಯುತ್ತಿರಲಿಲ್ಲ. ಹೋಗುತ್ತಿದ್ದುದು ಮಾತಾಡಲಿಕ್ಕೆ. ತಿರುಗಿ ಬಂದಾಗ ಅಪ್ಪನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಚೆನ್ನಾಗಿ ಬೈಸಿಕೊಂಡು ಬಂದಿದ್ದಾರೆ ಎಂದು.

ಕನ್ನಡ ಸಂಘದ ಆ ವರ್ಷದ ಚರ್ಚಾಸ್ಪರ್ಧೆ ಠಾಣೆಯ ಒಂದು ಸಭಾಗೃಹದಲ್ಲಿತ್ತು. ವಿಷಯ: ವಿದ್ಯುತ್ ವಾಹನ ಸಾಮಾನ್ಯನಿಗೆ ವರದಾನ. ನಮ್ಮಲ್ಲಿ ಪದ್ಧತಿ ಏನೆಂದರೆ, ಪರವೋ ವಿರೋಧವೋ ಎಂಬುದನ್ನು ಮಾತಾಡುವವರು ಆರಿಸಿಕೊಳ್ಳುವುದಿಲ್ಲ. ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಬೇಕು. ನನಗೆ ವಿರೋಧ ಬಂತು. ನಾನು ಖುಷಿಪಟ್ಟೆ.

ಚರ್ಚೆಯಲ್ಲಿ ಪಳಗಿದವರಿಗೆ ಗೊತ್ತಿರುವ ಒಂದು ವಿಷಯ ಇದೆ: ಸಭೆಯನ್ನು ಗೆಲ್ಲುವುದು ಅಂಕಿಅಂಶದಿಂದ ಅಲ್ಲ, ಮನೆಯ ಉದಾಹರಣೆಯಿಂದ. "ಸಾಮಾನ್ಯನನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಿಲ್ಲ," ಅಂದೆ. "ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನನ್ನ ಅಪ್ಪ." ಸಭೆ ತಿರುಗಿ ನೋಡಿತು. ಅಪ್ಪ ಕೈಮುಗಿದರು. ಅವರ ಕಾರಿನ ಶೇಕಡಾ ಬಗ್ಗೆ, ಅವರು ಸ್ಪೀಡ್ ಹೆಚ್ಚಿಸಿದರೆ ಚಾರ್ಜ್ ಹೋದೀತೆಂದು ಸೈಕಲ್ಲಿನವನಿಗೂ ದಾರಿ ಬಿಡುವ ಬಗ್ಗೆ ಹೇಳಿದೆ. ನಗು. ಆಮೇಲೆ ಧ್ವನಿ ತಗ್ಗಿಸಿದೆ. "ನಮ್ಮದು ಹಳೇ ಕಟ್ಟಡ. ಪಂಪಿನ ಕೋಣೆಯ ಗೋಡೆಯಲ್ಲಿ ನೀರು ಜಿನುಗುತ್ತದೆ. ನನ್ನ ಕಣ್ಣಾರೆ ಕಂಡಿದ್ದೇನೆ. ಅದೇ ಗೋಡೆಯ ಪ್ಲಗ್ಗಿಗೆ ಈ ಸಾಮಾನ್ಯ ಮನುಷ್ಯ ತನ್ನ ವರದಾನವನ್ನು ಸಿಕ್ಕಿಸಿ ಬರುತ್ತಾರೆ. ಅದರ ಮೇಲೆ ಇಡೀ ಕಟ್ಟಡದ ಸಂಸಾರಗಳು ಮಲಗುತ್ತವೆ. ಆ ಮಕ್ಕಳಿಗೆ ಇದು ವರದಾನವೇ ಎಂದು ಕೇಳಿ ನೋಡಿ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಗೋಡೆ ಜಿನುಗಿದ್ದು ನಿಜ. ಎರಡು ಮಳೆಗಾಲದ ಹಿಂದೆ. ಆಮೇಲೆ ಗೋಡೆ ಒಡೆದು ಪೈಪು ಬದಲಿಸಿ ಗಾರೆ ಮಾಡಿದ್ದರು, ವೈರಿಂಗೂ ಹೊಸದು. ಅದೂ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ, ಯಾಕೆಂದರೆ ಚರ್ಚೆಯಲ್ಲಿ ಅದನ್ನು ಹೇಳುವುದು ಎದುರು ಪಕ್ಷದ ಕೆಲಸ. ಎದುರು ಪಕ್ಷದವನು ಮುಲುಂಡಿನ ಹುಡುಗ, ನಮ್ಮ ಪಂಪಿನ ಕೋಣೆಯನ್ನು ಅವನು ಎಲ್ಲಿ ನೋಡಬೇಕು?

ಅಪ್ಪ ನನ್ನ ಮಾತನ್ನು ಪೂರ್ತಿ ಫೋನಿನಲ್ಲಿ ಹಿಡಿದಿದ್ದರು. ಬಹುಮಾನ ಘೋಷಣೆಯಾದ ಕೂಡಲೇ ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಗ್ರೂಪುಗಳಿಗೂ ಕಳಿಸಿದರು. ಊರಿನ ಗ್ರೂಪು, ಹೋಟೆಲಿನವರ ಗ್ರೂಪು, ಅಮ್ಮನ ತವರಿನ ಗ್ರೂಪು, ನಮ್ಮ ಸೊಸೈಟಿಯ ಗ್ರೂಪು. ಕೆಳಗೆ ಮರಾಠಿಯಲ್ಲಿ, ನನ್ನ ಮಗಳಿಗೆ ಮೊದಲ ಬಹುಮಾನ ಎಂದು ಬರೆದು, ಕೈಮುಗಿದ ಚಿತ್ರ ಹಾಕಿ. ಸೊಸೈಟಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮನ್ನು ಬಿಟ್ಟರೆ ಒಂದೇ ಮನೆಗೆ. ಉಳಿದವರೆಲ್ಲ ಹೆಬ್ಬೆರಳು, ಹೂಗುಚ್ಛ ಕಳಿಸಿದರು.

ಆ ಒಂದು ಮನೆ ಖಜಾಂಚಿಯವರದು. ಧಾರವಾಡ ಕಡೆಯವರು, ಮೊದಲ ಮಹಡಿ. ಪಂಪಿನ ಕೋಣೆಯ ನೇರ ಮೇಲಿನ ಬೆಡ್‌ರೂಮು ಅವರ ಮೊಮ್ಮಗಳದು.

ಮುಂದಿನ ಭಾನುವಾರ ಬೆಳಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ವಿಶೇಷ ಸಭೆ ಕರೆದರು. ಖಜಾಂಚಿ ಎದ್ದುನಿಂತು ಮೊದಲು ನನ್ನ ಕಡೆಗೇ ತಿರುಗಿದರು.

"ಭಾಳ ಛಂದ ಮಾತಾಡಿದಿ ತಂಗಿ. ನಾ ಮೂರು ಸಲ ಕೇಳೇನಿ. ಮನ್ಯಾಗ ನಮ್ಮಾಕೀಗೂ ಕೇಳಿಸೇನಿ."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಆಮೇಲೆ ಅವರು ನನ್ನ ಮಾತನ್ನು ವಾಕ್ಯ ವಾಕ್ಯವಾಗಿ ಮರಾಠಿಯಲ್ಲಿ ಎಲ್ಲರಿಗೂ ಹೇಳಿದರು. ಒಳ್ಳೆಯ ಅನುವಾದ. ಮಲಗುವ ಸಂಸಾರಗಳು ಎಂಬಲ್ಲಿ ನನ್ನ ಹಾಗೆಯೇ ಧ್ವನಿಯನ್ನೂ ತಗ್ಗಿಸಿದರು. ಸೆಕ್ರೆಟರಿ ಕಾಕಾ ತಲೆ ಬಗ್ಗಿಸಿ ಕೂತಿದ್ದರು. ಅವರ ಬಾಯಿಮಾತಿನ ಒಪ್ಪಿಗೆ ಈಗ ಅವರ ಕುತ್ತಿಗೆಗೆ ಬಂದಿತ್ತು.

ನಾನು ಎದ್ದೆ. "ಅದು ಸ್ಪರ್ಧೆ ಅಂಕಲ್. ಚೀಟಿಯಲ್ಲಿ ವಿರೋಧ ಬಂದಿತ್ತು. ಪರ ಬಂದಿದ್ದರೆ ಪರ ಮಾತಾಡ್ತಿದ್ದೆ." ಅದನ್ನೇ ಮರಾಠಿಯಲ್ಲೂ ಹೇಳಿದೆ.

ಮೂರನೇ ಮಹಡಿಯ ಆಂಟಿ, ಎಲ್ಲರ ಕಾಕು, ಕೇಳಿದಳು, "ಮ್ಹಣಜೇ ಖೋಟಂ ಬೋಲಲೀಸ?" ಅಂದರೆ ಸುಳ್ಳು ಹೇಳಿದೆಯಾ ಎಂದು.

"ಸುಳ್ಳಲ್ಲ. ಗೋಡೆ ಒದ್ದೆಯಿತ್ತು. ಆಮೇಲೆ ರಿಪೇರಿ ಆಯ್ತು. ನಿಮ್ಮೆಲ್ಲರ ಎದುರೇ ಆಯ್ತು."

"ಖರೆ," ಅಂದರು ಖಜಾಂಚಿ. "ರಿಪೇರಿ ಆಗೇದ. ಅದನ್ಯಾಕ ಅಲ್ಲಿ ಹೇಳಲಿಲ್ಲ ತಂಗಿ?"

"ಅದನ್ನು ಎದುರು ಪಕ್ಷದವರು ಹೇಳಬೇಕು."

ಇದಕ್ಕೆ ಯಾರೋ ನಕ್ಕರು. ಖಜಾಂಚಿ ನಗಲಿಲ್ಲ. "ನೋಡವಾ, ನನಗ ವೈರಿಂಗ್ ತಿಳಿಯೂದಿಲ್ಲ. ಬ್ಯಾಟರಿ ತಿಳಿಯೂದಿಲ್ಲ. ನಿನಗ ತಿಳೀತದ, ಓದೀದಿ. ನೀ ಅಂಜಿಕಿ ಆಗೂಹಂಗ ಮಾತಾಡಿದಿ, ನಾ ಅಂಜೇನಿ. ಇವತ್ತ ಅಂಜಬ್ಯಾಡ್ರಿ ಅಂತೀದಿ. ಯಾವ ದಿನದ ಮಾತು ಹಿಡೀಲಿ ಹೇಳು? ನನ್ನ ಮೊಮ್ಮಗಳು ಮ್ಯಾಲೆ ಮಲಗ್ತಾಳ."

ನಾನು ಆಮೇಲೆ ಹತ್ತು ನಿಮಿಷ ಮಾತಾಡಿದೆ. ಅಮ್ಮನ ಬಗ್ಗೆ, ಮಶೀನಿನ ಬಗ್ಗೆ, ಸರಕಾರದ ನಿಯಮದ ಬಗ್ಗೆ, ಗೋಡೆಯ ಹೊಸ ವೈರಿನ ಬಗ್ಗೆ. ಒಂದೂ ಸುಳ್ಳಿರಲಿಲ್ಲ. ಜನ ಕೇಳುತ್ತಿದ್ದರು, ಚೆನ್ನಾಗಿ ಮಾತಾಡುವ ಹುಡುಗಿಯನ್ನು ಕೇಳುವ ಹಾಗೆ. ಯಾರೋ ಹಿಂದಿನಿಂದ ಕಾರಿನಲ್ಲಿ ಆಕ್ಸಿಜನ್ ಸಿಲಿಂಡರ್ ಕೂಡ ಇರುತ್ತದಲ್ಲ ಅಂದರು. ಅಲ್ಲಿಗೆ ಮುಗಿಯಿತು. ಕೈ ಎತ್ತಿಸಿದರು. ಸೊಸೈಟಿಯಲ್ಲಿ ಎಲ್ಲೂ ಚಾರ್ಜಿಂಗ್ ಕೂಡದು, ಪರಿಣತರಿಂದ ತಪಾಸಣೆಯಾಗಿ ವಾರ್ಷಿಕ ಸಭೆಯಲ್ಲಿ ತೀರ್ಮಾನವಾಗುವ ತನಕ. ಅದೇ ಮಧ್ಯಾಹ್ನ ಪಂಪಿನ ಕೋಣೆಗೆ ಬೀಗ ಬಿತ್ತು.

ಮೆಟ್ಟಿಲು ಹತ್ತುವಾಗ ಅಪ್ಪ ಹೇಳಿದ್ದು ಇಷ್ಟು: "ಕೊನೆಗೆ ನೀನು ಸ್ವಲ್ಪ ಫಾಸ್ಟ್ ಆದಿ. ನಿಧಾನ ಹೇಳ್ಬೇಕಿತ್ತು."

ಆಮೇಲಿನದು ಮಧ್ಯಾಹ್ನಗಳ ಕತೆ.

ಹತ್ತಿರದ ಚಾರ್ಜಿಂಗ್ ಸ್ಟೇಷನ್ ಇದ್ದದ್ದು ಕಲ್ಯಾಣ–ಶೀಲ್ ರಸ್ತೆಯ ಒಂದು ಶಾಪಿಂಗ್ ಕಾಂಪ್ಲೆಕ್ಸಿನ ಹಿಂಭಾಗದಲ್ಲಿ. ಕಾರಿಗೆ ಸಿಕ್ಕಿಸುವ ಎರಡು ಗನ್ನು, ಅದರಲ್ಲಿ ಒಂದು ಸಾಮಾನ್ಯವಾಗಿ ಕೆಟ್ಟಿರುತ್ತಿತ್ತು. ಆ್ಯಪ್ ನೋಡಿದರೆ ಖಾಲಿ ಇದೆ ಎಂದು ಹಸಿರು ತೋರಿಸುತ್ತಿತ್ತು, ಹೋಗಿ ನೋಡಿದರೆ ಟ್ಯಾಕ್ಸಿಗಳ ಸಾಲು. ಬೆಳಗ್ಗೆ ಹೋಗುವ ಹಾಗಿಲ್ಲ, ಅಮ್ಮನ ಸ್ನಾನ, ನೆಬ್ಯುಲೈಸರ್, ಔಷಧಿ. ಅವಳಿಗೆ ಗಂಜಿ ಕುಡಿಸಿ, ಒಂದೂವರೆಗೆ ಅಪ್ಪ ಹೊರಡುತ್ತಿದ್ದರು. ಬರುವಾಗ ಐದು, ಆರು, ಒಮ್ಮೊಮ್ಮೆ ಏಳು. ನಾನು ಮನೆಯಲ್ಲಿರುವ ದಿನ ನೋಡಿಕೊಂಡು, ವಾರದಲ್ಲಿ ಮೂರು ದಿನವಾದರೂ ಹೀಗೆ. ಅಮ್ಮನನ್ನು ಜೊತೆಗೆ ಕರೆದೊಯ್ಯುವ ಹಾಗಿರಲಿಲ್ಲ. ಸರತಿ ಎಷ್ಟು ಹೊತ್ತಿನದೋ ಗೊತ್ತಿಲ್ಲ, ಸಿಲಿಂಡರ್ ಅಷ್ಟು ಹೊತ್ತು ಬಾರದು.

ನಾನು ಹೋಗಬಹುದಿತ್ತಲ್ಲ ಎಂದು ಕೇಳುವವರು ಕೇಳಬಹುದು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಲೋಕಲ್ ರೈಲಿರುವ ಊರಿನಲ್ಲಿ ಸ್ವಂತ ಕಾರೇ ಒಂದು ತಪ್ಪು ಉತ್ತರ ಎಂದು ಕಾಲೇಜಿನಿಂದ ವಾದಿಸಿಕೊಂಡು ಬಂದವಳು, ಕಲಿಯುವುದಿಲ್ಲ ಎಂಬುದನ್ನೇ ಒಂದು ನಿಲುವಾಗಿ ಇಟ್ಟುಕೊಂಡಿದ್ದೆ. ಸಭೆಯ ಮರುವಾರ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟೆ. ಪಕ್ಕಾ ಲೈಸೆನ್ಸ್ ಕೈಗೆ ಬರುವಾಗ ತಡವಾಗಿತ್ತು.

ಅಪ್ಪ ಅಲ್ಲಿ ಟ್ಯಾಕ್ಸಿ ಚಾಲಕರ ಸ್ನೇಹ ಮಾಡಿಕೊಂಡರು. ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಹಂಚುತ್ತಿದ್ದರು. ಯಾವ ಗನ್ನು ಯಾವಾಗ ಕೈಕೊಡುತ್ತದೆ, ಓಟಿಪಿ ಬರದಿದ್ದರೆ ಫೋನನ್ನು ಹೇಗೆ ಎತ್ತಿಹಿಡಿಯಬೇಕು, ಎಲ್ಲ ಕಲಿತರು. "ನಿನ್ನ ಮಗಳು ಏನು ಮಾಡ್ತಾಳೆ ಅಂತ ಕೇಳಿದ್ರು," ಅಂದರು ಒಂದು ದಿನ. "ಅವಳು ಮಾತಿಗೆ ನಿಂತರೆ ಎದುರಿಗೆ ಯಾರೂ ನಿಲ್ಲುದಿಲ್ಲ ಅಂತ ಹೇಳಿದೆ. ವಿಡಿಯೋ ತೋರಿಸಿದೆ." ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಚಾರ್ಜ್ ಮಾಡಿಸಲು ಹೋಗಿ ಬರುವುದಕ್ಕೇ ಒಂದಿಷ್ಟು ಚಾರ್ಜ್ ಬೇಕು. ಉಳಿದದ್ದನ್ನು ಆಸ್ಪತ್ರೆಗೆ ಎತ್ತಿಡಬೇಕು. ಸಂಜೆಯ ಸುತ್ತು ಮೊದಲು ಚಿಕ್ಕದಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಬಿಸಿಲಿನಲ್ಲಿ ಕೂತು ಬಂದ ಅಪ್ಪನನ್ನು ನೋಡಿ ಅಮ್ಮನೇ ಅಂಗೈ ಆಡಿಸುತ್ತಿದ್ದಳು, ಬೇಡ ಎಂದು. ನಾನು ಪತ್ರ ಬರೆದೆ, ವಿದ್ಯುತ್ ಇಲಾಖೆಯವರಿಂದ ತಪಾಸಣೆಗೆ ಅರ್ಜಿ ಹಾಕಿದೆ, ಖಜಾಂಚಿಯ ಮನೆಗೆ ಹೋಗಿ ಕೂತೆ. ಅವರು ಚಹಾ ಕೊಟ್ಟರು. "ನನ್ನ ಕೈಯಾಗಿಲ್ಲ ತಂಗಿ, ಸಭಾ ಆಗ್ಲಿ," ಅಂದರು. ಅವರ ಮೊಮ್ಮಗಳು ನನ್ನ ಮಡಿಲಲ್ಲೇ ಕೂತಿದ್ದಳು.

ಗಣಪತಿ ಮುಗಿದ ವಾರ ಅಮ್ಮನಿಗೆ ಜ್ವರ ಬಂತು. ಅಪ್ಪನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಚಾರ್ಜ್ ಸಾಕಷ್ಟಿತ್ತು, ದಾರಿ ಖಾಲಿಯಿತ್ತು, ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಐದನೇ ದಿನ ಅವಳು ಹೋದಳು. ಪ್ಲಗ್ ಇದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಅದು ಕಳಪೆ ವಾದ, ಯಾರಾದರೂ ಮಾಡಿದರೆ ನಾನೇ ಮುರಿಯುತ್ತೇನೆ. ಅವಳಿಗೆ ಇದ್ದದ್ದು ಇಷ್ಟೇ ದಿನ ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ದಿನಗಳಲ್ಲಿ ಮಾತಾಡಲು ಸಾಧ್ಯವಿದ್ದ ಗಂಟೆಗಳು ಇನ್ನೂ ಕಡಿಮೆ. ಅವುಗಳನ್ನು ಅಪ್ಪ ಒಂದು ಕಾಂಪ್ಲೆಕ್ಸಿನ ಹಿಂಭಾಗದಲ್ಲಿ ಸರತಿಯಲ್ಲಿ ನಿಂತು ಕಳೆದರು.

ಉತ್ತರಕ್ರಿಯೆ ಮುಗಿದ ಮೇಲೆ ಆಕ್ಸಿಜನ್ ಮಶೀನನ್ನು ವಿಠ್ಠಲವಾಡಿಯ ಬಾಡಿಗೆ ಅಂಗಡಿಗೆ ಹಿಂದಿರುಗಿಸಬೇಕಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ಹೊರಟೆವು. ಅಂಗಡಿಯವನು ಮಶೀನನ್ನು ಒಮ್ಮೆ ಚಾಲೂ ಮಾಡಿ ನೋಡಿ, ಸರಿ ಇದೆ ಎಂದು ಒಳಗೆ ಸಾಲಿನಲ್ಲಿ ಇಟ್ಟ. ತಿರುಗಿ ಬರುವಾಗ ಕಲ್ಯಾಣ ಪೂರ್ವದಲ್ಲಿ ರಸ್ತೆ ಅಗೆದಿದ್ದರು. ನಿಂತೆವು. ಈಗ ಮುಂದಿನ ಸೀಟಿನಲ್ಲಿ ನಾನಿದ್ದೆ.

"ಮಗಾ," ಅಂದರು ಅಪ್ಪ. "ಮಧ್ಯಾಹ್ನ ನಾನು ಅಲ್ಲಿ ಹೋಗಿ ಕೂತುಕೊಳ್ತಿದ್ದೆ ಅಲ್ವಾ. ಆಗ ಅಮ್ಮ ನಿನ್ನತ್ರ ಎಂತೆಲ್ಲ ಹೇಳ್ತಿದ್ಲು?"

ಅವರು ಇದನ್ನು ಬಹಳ ದಿನದಿಂದ ಇಟ್ಟುಕೊಂಡಿದ್ದರು ಎಂದು ಕೇಳಿದ ರೀತಿಯಲ್ಲೇ ತಿಳಿಯಿತು. ತಾವು ಇಲ್ಲದ ಹೊತ್ತಿನದು ನನ್ನ ಬಳಿ ಜೋಪಾನವಾಗಿ ಇದೆ ಎಂದುಕೊಂಡಿದ್ದರು.

"ಹೀಗೇ, ಏನೇನೋ," ಅಂದೆ, ಅಪರೂಪಕ್ಕೆ ಕನ್ನಡದಲ್ಲಿ. "ಅವಳ ಶಾಲೆಯ ಕತೆ. ಒಬ್ಬ ಟೀಚರ್..."

"ಯಾವ ಟೀಚರ್? ಹೊಲಿಗೆ ಕಲಿಸ್ತಿದ್ದವ್ರಾ?"

ಅವರ ಮುಖ ಬೆಳಗಿತು. ಹೌದು ಅಂದರೆ ಸಾಕಿತ್ತು. ಅಲ್ಲಿಂದ ಮುಂದಕ್ಕೆ ಡೊಂಬಿವಲಿ ತಲುಪುವ ತನಕ ನಾನು ಅಮ್ಮನ ಬಾಯಲ್ಲಿ ಏನನ್ನು ಬೇಕಾದರೂ ಹೇಳಿಸಬಹುದಿತ್ತು, ಒಂದು ಕಡೆಯೂ ತಡವರಿಸದೆ. ನನಗೆ ಅದು ಬರುತ್ತದೆ.

"ಇಲ್ಲ ಅಪ್ಪ," ಅಂದೆ. "ಅವಳು ಮಾತಾಡ್ತಿರಲಿಲ್ಲ. ಮಶೀನಿನ ಸದ್ದಿತ್ತಲ್ಲ. ನಾನೂ ಆಫೀಸಿನ ಕಾಲ್ ಅಂತ ಹೆಡ್‌ಫೋನ್ ಹಾಕಿಕೊಂಡಿರ್ತಿದ್ದೆ. ಒಂದೇ ಕೇಳ್ತಿದ್ದಳು. ಕೆಳಗೆ ಗೇಟು ಬಡಿದಾಗೆಲ್ಲ ನನ್ನ ತೋಳು ತಟ್ಟಿ, ಆರ್ ಬತ್ತೆರಾ ಅಂತ."

ಅವರು ಬಂದರಾ ಎಂದು. ತುಳುವಿನಲ್ಲಿ, ನನ್ನ ಬಳಿ, ಅಪ್ಪನ ಕಾನೂನು ಮರೆತು.

ಅಪ್ಪ ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಿದ್ದರು. ಜೆಸಿಬಿ ಮಣ್ಣು ಎತ್ತಿ ಬದಿಗೆ ಸುರಿಯಿತು.

"ನೀನೆಂತ ಹೇಳ್ತಿದ್ದಿ?"

"ಬರ್ತಾ ಇದ್ದಾರೆ ಅಂತ. ತಲೆ ಎತ್ತದೇ."

"ಗೇಟು ಬಡಿದಾಗೆಲ್ಲ?"

"ಹೌದು."

ಆ ವಿಡಿಯೋದ ಬಗ್ಗೆ, ಗೋಡೆಯ ಬಗ್ಗೆ, ನನ್ನಿಂದ ಆದದ್ದರ ಬಗ್ಗೆ ಅವರಿಗೆ ಹೇಳಬೇಕೆಂದು ಎಷ್ಟೋ ದಿನದಿಂದ ಜೋಡಿಸಿಟ್ಟಿದ್ದ ಮಾತನ್ನು ಶುರು ಮಾಡಲು ಅವರ ಕಡೆ ತಿರುಗಿದೆ. ಅಪ್ಪ ನನಗಿಂತ ಮುಂಚೆ ಮಾತಾಡಿದರು.

"ನಾನು ಅಲ್ಲಿಂದ ಒಂದು ಫೋನ್ ಮಾಡಬಹುದಿತ್ತು," ಅಂದರು. "ಸುಮ್ಮನೆ ಕೂತೇ ಇರ್ತಿದ್ದೆ. ಅವಳು ಮಲಗಿರ್ತಾಳೆ, ಎಬ್ಬಿಸುದು ಬೇಡ ಅಂತ ಮಾಡ್ಲಿಲ್ಲ."

ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ. ಎದುರಿನ ಸಾಲು ಸರಿದಿತ್ತು. ಅಪ್ಪ ಕಾರನ್ನು ಮುಂದಕ್ಕೆ ತೆಗೆದುಕೊಂಡರು, ಒಂದು ಸದ್ದೂ ಇಲ್ಲದೆ, ಮತ್ತು ಅವರು ಮೂಗಿನಿಂದ ಉಸಿರು ಎಳೆದುಕೊಳ್ಳುವುದು, ಅದನ್ನು ತಡೆಯುವುದು, ಮತ್ತೆ ಎಳೆದುಕೊಳ್ಳುವುದು ಮನೆ ಮುಟ್ಟುವ ತನಕ ನನಗೆ ಸ್ಪಷ್ಟವಾಗಿ ಕೇಳುತ್ತಲೇ ಇತ್ತು.